ಸಹಾಯ ಬೇಕು: ಕಾರವಾರದಲ್ಲಿ ಮಕ್ಕಳಿಗೆ ರಗ್ಬಿ ಕಲಿಸೋಕೆ ಇನ್ನೊಬ್ಬರು

ಎಲ್ಲರಿಗೂ ನಮಸ್ಕಾರ, ಭುಜದ ಲಿಗಮೆಂಟ್ ಹೋದ್ಮೇಲೆ ಆಡೋದು ಬಿಟ್ಟು ಮುಂಬೈಯಿಂದ ಊರಿಗೆ ಬಂದಿದೀನಿ, ಈಗ ಸಂಜೆ ಟ್ಯಾಗೋರ್ ಬೀಚಲ್ಲಿ ಮಕ್ಕಳಿಗೆ ರಗ್ಬಿ ಸೆವೆನ್ಸ್ ಕಲಿಸ್ತಿದೀನಿ, ಅದೇ 2016ರಿಂದ ಒಲಿಂಪಿಕ್ಸಲ್ಲಿರೋ ಏಳು ಜನರ ಆಟ. ಸದ್ಯಕ್ಕೆ ಟ್ಯಾಕಲ್, ಅಂದ್ರೆ ಹಿಡಿದು ಬೀಳಿಸೋದು ಇಲ್ಲ, ಚೆಂಡು ಹಿಡಿದವರ ಸೊಂಟದ ಬೆಲ್ಟಿಂದ ಪಟ್ಟಿ ಕಿತ್ತರೆ ಸಾಕು. ಕಬಡ್ಡಿ ಆಡಿದ ಮಕ್ಕಳು ತಪ್ಪಿಸ್ಕೊಳ್ಳೋದ್ರಲ್ಲಿ ಎಷ್ಟು ಚುರುಕು ಮಾರಾಯ್ರೇ, ಆದ್ರೆ ಕೈಯಿಂದ ಚೆಂಡು ಮುಂದಕ್ಕೆ ಎಸಿಯೋ ಹಾಗಿಲ್ಲ ಅನ್ನೋದು ಓಡ್ತಾ ಓಡ್ತಾ ಮರೆತೇಬಿಡ್ತಾರೆ.

ಕಷ್ಟ ಏನಂದ್ರೆ ಅದೇ ಹೊತ್ತಿಗೆ ಹೆಂಡ್ತಿಗೆ ಡ್ಯೂಟಿ, ಮಗಳಿನ್ನೂ ಚಿಕ್ಕವಳು, ಅಮ್ಮನಿಗೆ ಮಂಡಿನೋವು, ಹಳೇ ಟೀಮಿನ ಗೆಳೆಯರು ಫೋನ್ ಮಾಡಿದ್ರೂ ಮಾತಾಡೋಕೆ ಪುರುಸೊತ್ತಿಲ್ಲ, ಅವರನ್ನ ಕಳ್ಕೊಳ್ಳೋಕೆ ಮಾತ್ರ ಮನಸ್ಸಿಲ್ಲ.

ಕೋಡಿಬಾಗ, ಸದಾಶಿವಗಡ ಕಡೆ ಯಾರಾದ್ರೂ ಪಿಇ ಟೀಚರ್ ಅಥವಾ ಹಳೇ ಆಟಗಾರರು ವಾರದಲ್ಲಿ ಎರಡು ಸಂಜೆ ಬರೋಕಾಗುತ್ತಾ? ರಗ್ಬಿ ಗೊತ್ತಿಲ್ದಿದ್ರೂ ನಡಿಯುತ್ತೆ, ನಾನು ಹೇಳ್ಕೊಡ್ತೀನಿ. ಮಳೆಗಾಲಕ್ಕೆ ಮುಂಚೆ ಸಿಕ್ರೆ ದೊಡ್ಡ ಉಪಕಾರ.