ಬಟವಾಡಿ ಹತ್ತಿರ ಬ್ಯಾಂಕ್ ಹರಾಜಿನ ಮನೆ, ತಗೊಳ್ಳಬಹುದಾ?

ಬಾಡಿಗೆ ಮನೆಯವನು:
ಎಲ್ಲರಿಗೂ ನಮಸ್ಕಾರ. ತುಮಕೂರಿನ ಬಟವಾಡಿ ಕಡೆ 30-40 ಸೈಟಿನ ಮನೆಯೊಂದು ಹರಾಜಿಗೆ ಬಂದಿದೆ. ರಿಸರ್ವ್ ಪ್ರೈಸ್, ಅಂದರೆ ಹರಾಜಿನ ಕನಿಷ್ಠ ಬೆಲೆ, 44 ಲಕ್ಷ. ಅದೇ ರಸ್ತೆಯಲ್ಲಿ ಅಂಥ ಮನೆಗೆ 60ರ ಮೇಲೆ ಹೇಳುತ್ತಿದ್ದಾರೆ. ನೋಟಿಸಿನಲ್ಲಿ 'ಸಾಂಕೇತಿಕ ಸ್ವಾಧೀನ' ಅಂತಿದೆ. ಹೋಗಿ ನೋಡಿದರೆ ಮಹಡಿ ಮೇಲೆ ಬಟ್ಟೆ ಒಣಗಿಹಾಕಿದ್ದರು, ಅಂದರೆ ಒಳಗೆ ಜನ ಇದ್ದಾರೆ. ಬ್ಯಾಂಕಿನವರು 'ಖಾಲಿ ಮಾಡಿಸಿ ಕೊಡ್ತೀವಿ ಬಿಡಿ ಸಾರ್' ಅನ್ನುತ್ತಾರೆ. ನಂಬಬಹುದಾ? ನಮ್ಮ ಮಾವನವರಂತೂ ನೊಂದವರ ಮನೆ ಬೇಡವೇ ಬೇಡ ಅಂತ ಕೂತಿದ್ದಾರೆ, ಅದು ಬೇರೆ ಕಥೆ.

ಕ್ಯಾತ್ಸಂದ್ರ ವಕೀಲ:
ಬಾಯಿಮಾತು ಬೇಡ, ಬರವಣಿಗೆಯಲ್ಲಿ ಕೇಳಿ. ಸಾಂಕೇತಿಕ ಸ್ವಾಧೀನ ಅಂದರೆ ಬಾಗಿಲಿಗೆ ನೋಟಿಸ್ ಅಂಟಿಸಿದ್ದಾರೆ ಅಷ್ಟೇ, ಬೀಗದ ಕೈ ಇನ್ನೂ ಸಾಲಗಾರನ ಹತ್ತಿರವೇ ಇದೆ. ಅವನು ತಾನಾಗಿ ಬಿಡದಿದ್ದರೆ ಬ್ಯಾಂಕು ಸರ್ಫೇಸಿ ಕಾಯ್ದೆಯ (ಅಡ ಇಟ್ಟ ಆಸ್ತಿ ಮಾರಿ ಸಾಲ ವಸೂಲಿ ಮಾಡುವ ಕಾನೂನು) 14ನೇ ಸೆಕ್ಷನ್ ಕೆಳಗೆ ಮನೆ ಬಿಡಿಸಿಕೊಡಿ ಅಂತ ಡಿಸಿ ಅಥವಾ ಸಿಜೆಎಂ (ಮುಖ್ಯ ನ್ಯಾಯಿಕ ಮ್ಯಾಜಿಸ್ಟ್ರೇಟ್) ಹತ್ತಿರ ಅರ್ಜಿ ಹಾಕಬೇಕು. ಆದೇಶಕ್ಕೆ ಕಾನೂನಿನಲ್ಲಿ 30 ದಿನ, ಕಾರಣ ಬರೆದು ಹೆಚ್ಚಿಸಿದರೆ ಒಟ್ಟು 60 ದಿನ. ನಿಜವಾಗಿ ಎಷ್ಟು ಹಿಡಿಯುತ್ತೆ ಅಂತ ಯಾವ ಮ್ಯಾನೇಜರೂ ಬರೆದು ಕೊಡಲ್ಲ. ಅರ್ಜಿ ಹಾಕಿದ್ದಾರಾ, ಆದೇಶ ಆಗಿದೆಯಾ, ಇವೆರಡನ್ನು ಕೇಳಿ. ಇನ್ನೂ ಹಾಕಿಲ್ಲ ಅಂದರೆ ನೀವು ದುಡ್ಡೂ ಕಟ್ಟಿ, ಬಾಡಿಗೆಯೂ ಕಟ್ಟಿಕೊಂಡು ಕೂರಬೇಕು. ಅಷ್ಟರಲ್ಲಿ ಸಾಲಗಾರ ಬೆಂಗಳೂರಿನ ಡಿಆರ್‌ಟಿಯಿಂದ (ಸಾಲ ವಸೂಲಿ ನ್ಯಾಯಮಂಡಳಿ) ಸ್ಟೇ ತಂದರೆ ಇನ್ನೂ ತಡ.

ಮಾಲೂರು ಮಂಜ:
ಸ್ಟೇ ಬಿಡಿ ಸಾರ್, ಹರಾಜಾದ ಮೇಲೆ ಆತ ಸಾಲ ತೀರಿಸಿಬಿಟ್ಟರೆ ಮನೆ ವಾಪಸ್ ಅವನಿಗೇ ಹೋಗುತ್ತೆ ಅಲ್ವಾ? ನಮ್ಮ ಕಡೆ ಎಲ್ಲರೂ ಹಂಗೇ ಹೇಳ್ತಾರೆ.

ಕ್ಯಾತ್ಸಂದ್ರ ವಕೀಲ:
ಅದು ಹಳೇ ಮಾತು. 2016ರ ತಿದ್ದುಪಡಿ ಆದ ಮೇಲೆ ಹರಾಜು ನೋಟಿಸ್ ಪ್ರಕಟ ಆಗುವುದರೊಳಗೆ ತೀರಿಸಬೇಕು, 2023ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿತು. ಆದರೆ ನೋಟಿಸನ್ನೇ ಬ್ಯಾಂಕು ಸರಿಯಾಗಿ ಕೊಟ್ಟಿಲ್ಲ ಅಂತ ಸಾಬೀತಾದರೆ ಇಡೀ ಹರಾಜು ರದ್ದಾಗಬಹುದು. ತಪ್ಪು ಬ್ಯಾಂಕಿನದು, ಅಲೆದಾಟ ನಿಮ್ಮದು.

ಲೆಕ್ಕದ ಪುಟ್ಟಣ್ಣ:
ಎಲ್ಲರೂ ಕೋರ್ಟು ಕೋರ್ಟು ಅಂತೀರಿ, ದುಡ್ಡಿನ ವಿಷಯ ಯಾರೂ ಎತ್ತಲೇ ಇಲ್ಲ. ಬಿಡ್ 46 ಲಕ್ಷಕ್ಕೆ ನಿಂತಿತು ಅಂದುಕೊಳ್ಳಿ. ಮೊದಲೇ ಕಟ್ಟಿದ ಇಎಂಡಿ (ಬಿಡ್ ಮಾಡೋಕೆ ಇಡುವ ಠೇವಣಿ) ಸೇರಿಸಿ ಶೇ. 25, ಅಂದರೆ ಹನ್ನೊಂದೂವರೆ ಲಕ್ಷ, ಅವತ್ತೇ ಇಲ್ಲವೇ ಮಾರನೇ ಕೆಲಸದ ದಿನ ಕಟ್ಟಬೇಕು. ಮಿಕ್ಕ ಮೂವತ್ತನಾಲ್ಕೂವರೆ ಲಕ್ಷ, ಹರಾಜು ಖಾಯಂ ಆದ 15 ದಿನದೊಳಗೆ. ಬ್ಯಾಂಕು ಒಪ್ಪಿ ಬರೆದುಕೊಟ್ಟರೆ ಹೆಚ್ಚೆಂದರೆ 3 ತಿಂಗಳು. ಹೋಮ್ ಲೋನ್ ನೆಚ್ಚಿಕೊಂಡು ಬಿಡ್ ಮಾಡಿ, ಲೋನ್ ಕೊಡುವವರು ಒಳಗೆ ಜನ ಇದ್ದಾರೆ ಅಂತ ಕೈಕೊಟ್ಟರೆ, ಕಟ್ಟಿದ ಹನ್ನೊಂದೂವರೆ ಪೂರ್ತಿ ಮುಟ್ಟುಗೋಲು. ಇದನ್ನೂ 2024ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದಿದೆ. ಮೊದಲು ಲೋನ್ ಮಾತು ಮುಗಿಸಿ, ಆಮೇಲೆ ಮನೆ. ನೋಂದಣಿ ಶುಲ್ಕ ಕೂಡ 2025ರ ಆಗಸ್ಟ್ ಕೊನೆಯಿಂದ ಶೇ. 1 ಇದ್ದದ್ದು 2 ಆಗಿದೆ, ಸ್ಟಾಂಪ್ ಡ್ಯೂಟಿ ಬೇರೆ.

ಚಿಂತಾಮಣಿ ಅಕ್ಕ:
ಇಸಿ (ಆಸ್ತಿ ಮೇಲಿನ ನೋಂದಾಯಿತ ವ್ಯವಹಾರ, ಸಾಲ ತೋರಿಸುವ ಋಣಭಾರ ಪತ್ರ) ತೆಗೆಸಿದರೆ ಸಾಕು ಅಂದುಕೊಳ್ಳಬೇಡಿ. ಭಾಗದ ದಾವೆ ಸಾಮಾನ್ಯವಾಗಿ ಇಸಿಯಲ್ಲಿ ಕಾಣಲ್ಲ. ಪಿತ್ರಾರ್ಜಿತ ಆಸ್ತಿಯನ್ನು ಅಣ್ಣ ಒಬ್ಬನೇ ಅಡ ಇಟ್ಟು, ತಂಗಿ ಭಾಗ ಕೇಳಿ ಸಿವಿಲ್ ಕೋರ್ಟಿಗೆ ಹೋಗಿರೋದು ನಮ್ಮ ಕಡೆ ಬೇಕಾದಷ್ಟಿದೆ. ಮನೆಯವರ ಹೆಸರು ಹಾಕಿ ಇ-ಕೋರ್ಟ್ಸ್ ಸೈಟಿನಲ್ಲಿ ಹುಡುಕಿ. ಸೈಟಿಗೆ ಡಿಸಿ ಕನ್ವರ್ಷನ್ (ಕೃಷಿ ಜಮೀನನ್ನು ಮನೆ ಕಟ್ಟೋಕೆ ಬದಲಿಸಿದ ಆದೇಶ) ಆಗಿದೆಯಾ, ಇ-ಖಾತಾ ಇದೆಯಾ, ಪಾಲಿಕೆಯಲ್ಲಿ ಕಂದಾಯ ಎಷ್ಟು ಬಾಕಿ, ಬೆಸ್ಕಾಂ ಬಾಕಿ ಎಷ್ಟು, ಎಲ್ಲ ನೋಡಿ. 'ಇದ್ದದ್ದು ಇದ್ದ ಹಾಗೆ' ಅಂತ ನೋಟಿಸಿನಲ್ಲೇ ಹಾಕಿರುತ್ತಾರೆ, ಹಳೇ ಬಾಕಿ ನಿಮ್ಮ ತಲೆಗೇ ಬರೋದು. ಇನ್ನೊಂದು, ಒಳಗಿರುವವರು ಸಾಲಗಾರರೇನಾ ಬಾಡಿಗೆಯವರಾ?

ಬಾಡಿಗೆ ಮನೆಯವನು:
ಪಕ್ಕದ ಅಂಗಡಿಯಲ್ಲಿ ಕೇಳಿದೆ ಅಕ್ಕ. ಮೇಲೆ ಮಾಲೀಕರು, ಕೆಳಗಡೆ ಲೀಸಿಗೆ ಕೊಟ್ಟಿದ್ದಾರಂತೆ.

ಕ್ಯಾತ್ಸಂದ್ರ ವಕೀಲ:
ಲೀಸಾ? ಹಾಗಾದರೆ ಅಗ್ರಿಮೆಂಟ್ ಯಾವ ವರ್ಷದ್ದು, ನೋಂದಣಿ ಆಗಿದೆಯಾ ನೋಡಲೇಬೇಕು. ಮನೆ ಅಡ ಇಡೋಕೆ ಮೊದಲೇ ಲೀಸ್ ಆಗಿದ್ದರೆ ಅವರನ್ನು ಬಿಡಿಸೋದು ಸುಲಭವಿಲ್ಲ, ಲೀಸ್ ದುಡ್ಡು ಯಾರು ಕೊಡಬೇಕು ಅನ್ನೋ ಜಗಳವೂ ಶುರುವಾಗುತ್ತೆ. ಇಎಂಡಿ ಕಟ್ಟುವ ಮೊದಲು ಆ ಅಗ್ರಿಮೆಂಟ್ ನಕಲು ಹೇಗಾದರೂ ತರಿಸಿಕೊಳ್ಳಿ. ಅದು ಸಿಗದಿದ್ದರೆ ಈ ಮನೆ ಬಿಟ್ಟುಬಿಡಿ.