ಪದ ಬೇಕು: ವಿದೇಶಾಂಗ ನೀತಿಯ ‘ಲಾಬಿ’ಗೆ ಕನ್ನಡದಲ್ಲಿ ಏನನ್ನೋಣ?

ವಿರಾಜಪೇಟೆಯಿಂದ:
ಎಲ್ಲರಿಗೂ ನಮಸ್ಕಾರ. ಒಂದು ಪದ ತುರ್ತಾಗಿ ಬೇಕು. ಶನಿವಾರ ಇಲ್ಲಿ ಬೆಳೆಗಾರರ ಸಭೆಯಲ್ಲಿ ಭಾಷಣ ಇದೆ. ದೇಶದೊಳಗಿನ ಗುಂಪುಗಳು ವಿದೇಶಾಂಗ ನೀತಿಯನ್ನು ಹೇಗೆ ತಮ್ಮ ಕಡೆ ಎಳೆದುಕೊಳ್ಳುತ್ತವೆ ಅನ್ನುವುದು ವಿಷಯ. ಫ್ಲೆಕ್ಸ್ ಇವತ್ತೇ ಪ್ರಿಂಟಿಗೆ ಹೋಗಬೇಕು. ‘ಲಾಬಿ’ ಅಂತ ಬರೆದರೆ ನಮ್ಮವರೇ ಸಿಟ್ಟಾಗುತ್ತಾರೆ. ಕೊಡಗಿನಲ್ಲಿ ಆ ಪದ ಕೇಳುವುದೇ ಟಿಂಬರ್ ಲಾಬಿ, ರೆಸಾರ್ಟ್ ಲಾಬಿ ಅಂತ. ‘ವಶೀಲಿ’ ಅಂದರಂತೂ ಹಿಂಬಾಗಿಲೇ. ನನಗೆ ಬೇಕಾದದ್ದು ಬೈಗುಳ ಅಲ್ಲದ ಪದ. ಅಮೆರಿಕದಲ್ಲಿ ಕ್ಯೂಬಾ ಮೂಲದವರು ಫ್ಲಾರಿಡಾದ ಓಟು ಕೈಯಲ್ಲಿಟ್ಟುಕೊಂಡು ಕ್ಯೂಬಾ ಮೇಲಿನ ನಿರ್ಬಂಧ ಬಿಗಿ ಮಾಡಿಸಿದರಲ್ಲ, 1996ರ ಹೆಲ್ಮ್ಸ್-ಬರ್ಟನ್ ಕಾನೂನು, ಅವರಿಗೂ ಹೊಂದಬೇಕು, ಮೆಣಸು ಕಾಫಿಗೆ ರಕ್ಷಣೆ ಕೇಳಿದ ನಮ್ಮವರಿಗೂ ಹೊಂದಬೇಕು.

ಮೈಸೂರಿನಿಂದ:
ಇದಕ್ಕೆಲ್ಲ ಚರ್ಚೆ ಯಾಕೆ? ಮೊಗಸಾಲೆ ಇದೆಯಲ್ಲ. ಸಂಸತ್ತಿನ ಮೊಗಸಾಲೆಯಲ್ಲಿ ಸದಸ್ಯರನ್ನು ಹಿಡಿದು ಮಾತಾಡಿಸುತ್ತಿದ್ದರು, ಲಾಬಿಗೆ ಆ ಅರ್ಥ ಬಂದದ್ದೇ ಅಲ್ಲಿಂದ. ಮಾಡುವವನು ಮೊಗಸಾಲಿಗ, ಕೆಲಸ ಮೊಗಸಾಲಿಕೆ. ಅಚ್ಚಗನ್ನಡ.

ಮಡಿಕೇರಿಯಿಂದ:
ಅಚ್ಚಗನ್ನಡವಂತೆ! ‘ಸಾಲೆ’ ಎಲ್ಲಿಂದ ಬಂತು ಸ್ವಾಮಿ? ಶಾಲೆಯ ತದ್ಭವ. ಮೊಗವೂ ಮುಖವೇ. ‘ಮೊಗಸಾಲಿಗರು’ ಅಂತ ಫ್ಲೆಕ್ಸ್ ಕಟ್ಟಿದರೆ ಯಾವುದೋ ಹೊಸ ಪಂಗಡ ಅಂದುಕೊಳ್ಳುತ್ತಾರೆ ಜನ. ಅಲ್ಲದೆ ಇಲ್ಲಿಯವರಿಗೆ ಮೊಗಸಾಲೆ ಅಂದರೆ ಐನ್‌ಮನೆಯ (ಕೊಡವ ಮನೆತನದ ಮೂಲಮನೆಯ) ಕಯ್ಯಾಲೆ, ಮುಂದಿನ ಜಗಲಿ. ಐಮರದ ಹಲಗೆ ಮೇಲೆ ಹಿರಿಯರು ಕೂರುವ ಜಾಗ ಅದು. ಪಠ್ಯಪುಸ್ತಕದಲ್ಲಿ ‘ಒತ್ತಡ ಗುಂಪು’ ಇದೆ, ಅದನ್ನೇ ಹಾಕಿ.

ಮೈಸೂರಿನಿಂದ:
‘ಮುಖ’ವೇ ದ್ರಾವಿಡದಿಂದ ಸಂಸ್ಕೃತಕ್ಕೆ ಹೋದದ್ದು ಅನ್ನುವ ವಾದ ಇದೆ. ಓದಿಕೊಂಡು ಬನ್ನಿ. ‘ಒತ್ತಡ’ ಅಂದರೆ ಜನ ಬಿಪಿ ಮಾತ್ರೆ ಹುಡುಕುತ್ತಾರೆ.

ಸೋಮವಾರಪೇಟೆಯಿಂದ:
ಇಬ್ಬರೂ ಸ್ವಲ್ಪ ತಡೀರಿ. ಇಲ್ಲಿ ಗುಂಪಿಗೊಂದು ಪದ ಬೇಕು, ಅದು ಮಾಡುವ ಕೆಲಸಕ್ಕೆ ಇನ್ನೊಂದು. ಕೆಲಸ ಏನು ಅಂತ ಮೊದಲು ನೋಡಿ. ಆಗ್ನೇಯ ಏಷ್ಯಾ ದೇಶಗಳ ಒಕ್ಕೂಟ ಆಸಿಯಾನ್ ಜೊತೆಗಿನ ಸರಕು ವ್ಯಾಪಾರ ಒಪ್ಪಂದಕ್ಕೆ 2009ರಲ್ಲಿ ಸಹಿ ಬಿತ್ತು, 2010ರ ಜನವರಿಯಿಂದ ಜಾರಿ. ಬೇರೆ ಎಷ್ಟೋ ಸಾಮಾನಿನ ಸುಂಕ ಸೊನ್ನೆಗೆ ಇಳಿಯಿತು. ಮೆಣಸು, ಕಾಫಿ, ಚಹಾ ಬೇರೆ ಪಟ್ಟಿಗೆ ಹೋದವು. 2019ರ ಕೊನೆಗೆ ಮೆಣಸಿಗೆ ಶೇ 50, ಕಾಫಿಗೆ ಶೇ 45ರಲ್ಲೇ ಸುಂಕ ನಿಲ್ಲಬೇಕು ಅಂತಾಯಿತು. ಬೆಳೆಗಾರರ ಕೂಗಿಲ್ಲದೆ ಇದು ಸುಮ್ನೆ ಆಗುತ್ತಿತ್ತಾ? ಆಮೇಲೆ ವಿಯೆಟ್ನಾಂ ಮೆಣಸು ಶ್ರೀಲಂಕಾ ದಾರಿಯಲ್ಲಿ ಬರುತ್ತಿದೆ ಅಂತ ಗಲಾಟೆ ಎಬ್ಬಿಸಿದೆವು, ಮನವಿ ಕೊಟ್ಟೆವು. 2017ರ ಡಿಸೆಂಬರಿನಲ್ಲಿ ಆಮದಿಗೆ ಕಿಲೋಗೆ 500 ರೂಪಾಯಿ ಕನಿಷ್ಠ ಬೆಲೆ ಗೊತ್ತು ಮಾಡಿದರು. 2019ರಲ್ಲಿ ಭಾರತ ಆರ್‌ಸಿಇಪಿ ಅನ್ನುವ ಏಷ್ಯಾ-ಪೆಸಿಫಿಕ್ ದೇಶಗಳ ವ್ಯಾಪಾರ ಒಪ್ಪಂದದ ಮಾತುಕತೆಯಿಂದ ಹೊರಗೆ ಬರುವ ಮೊದಲು ಹಾಲಿನ ಸಹಕಾರಿಗಳು ಪಟ್ಟು ಹಿಡಿದದ್ದೂ ಇದೇ ಜಾತಿಯದು. ನಾವು ಮಾಡಿದರೆ ಹೋರಾಟ, ಬೇರೆಯವರು ಮಾಡಿದರೆ ಲಾಬಿ, ಅಲ್ವಾ? ಎರಡಕ್ಕೂ ಸಲ್ಲುವ ಪದ ‘ಒತ್ತಾಯ’. ಗುಂಪಿಗೆ ‘ಹಿತಗುಂಪು’ ಸಾಕು.

ಮೈಸೂರಿನಿಂದ:
‘ಹಿತ’ ಸಂಸ್ಕೃತ.

ಮಡಿಕೇರಿಯಿಂದ:
‘ಫ್ಲೆಕ್ಸ್’ ಯಾವ ಹಳಗನ್ನಡ ಸಾರ್? ಕಾಫಿ ಅನ್ನುವ ಪದವೂ ಕಡಲಾಚೆಯಿಂದ ಬಂದದ್ದೇ. ಕುಡಿಯುವುದು ಬಿಡ್ತೀರಾ?

ವಿರಾಜಪೇಟೆಯಿಂದ:
ಸೋಮವಾರಪೇಟೆಯವರ ಮಾತು ಹಿಡಿಸಿತು. ‘ಒಳಗಿನ ಒತ್ತಾಯ, ಹೊರಗಿನ ನೀತಿ’ ಅಂತ ಪ್ರಿಂಟಿಗೆ ಕಳಿಸಿದೆ. ಜಗಳ ನಡೆಯಲಿ, ಜೊತೆಗೆ ಇದನ್ನೂ ನೋಡಿ. ವಿದೇಶಿ ಸರ್ಕಾರದ ಪರವಾಗಿ ಅಮೆರಿಕದಲ್ಲಿ ರಾಜಕೀಯ ಕೆಲಸ ಮಾಡುವವರು 1938ರ ಕಾನೂನಿನ ಪ್ರಕಾರ ಹೆಸರು ನೋಂದಾಯಿಸಬೇಕು. ಅವರದು ತಮ್ಮದೇ ಹಿತ ಅಲ್ಲ, ಹಾಗಾಗಿ ಹಿತಗುಂಪು ಅನ್ನಲು ಬರುವುದಿಲ್ಲ. ‘ಏಜೆಂಟ್’ ಅಂದರೆ ಸಭೆಯಲ್ಲಿ ಮೆಣಸು ಕೊಳ್ಳುವ ಏಜೆಂಟರೂ ಕೂತಿರುತ್ತಾರೆ. ಇಂಥವರಿಗೆ ಏನನ್ನೋಣ? ಶುಕ್ರವಾರದೊಳಗೆ ಹೇಳಿದರೆ ಸಾಕು.