1200ರಿಂದ 1600 ಮೀಟರಿಗೆ ಏರುವ ಕುದುರೆಯನ್ನು ಅಳೆಯುವುದು ಹೇಗೆ?

ಹೊಸೂರು ವಾಸಿ:
ಬೆಂಗಳೂರಿನ ರೇಸುಗಳನ್ನು ಹೊಸೂರಿನಲ್ಲಿದ್ದುಕೊಂಡೇ ಗಮನಿಸುವ ನನ್ನಂಥವರಿಗೆ ಬೆಳಗಿನ ಟ್ರ್ಯಾಕ್ ವರ್ಕ್ (ಕುದುರೆಗಳ ತಾಲೀಮು) ಕಣ್ಣಾರೆ ಕಾಣುವ ಅವಕಾಶ ಕಡಿಮೆ. ರೇಸ್ ಬುಕ್ ಮತ್ತು ಹಳೆಯ ಓಟಗಳ ವಿಡಿಯೊಗಳೇ ಆಧಾರ. ಈವರೆಗೆ 1100 ಮತ್ತು 1200 ಮೀಟರುಗಳಲ್ಲಷ್ಟೇ ಓಡಿರುವ ನಾಲ್ಕು ವರ್ಷದ ಹೆಣ್ಣು ಕುದುರೆಯೊಂದು ಮೊದಲ ಬಾರಿಗೆ 1600 ಮೀಟರಿಗೆ ಹೆಸರು ಕೊಟ್ಟಿದೆ. ಪ್ರತಿ ಸಲವೂ ಹಿಂದೆ ಉಳಿದು, ಕೊನೆಯ 200 ಮೀಟರಿನಲ್ಲಿ ನಾಲ್ಕೈದು ಕುದುರೆಗಳನ್ನು ದಾಟಿ ಮೂರನೆಯದೋ ನಾಲ್ಕನೆಯದೋ ಆಗಿ ಬರುತ್ತದೆ. ದೂರ ಹೆಚ್ಚಿದರೆ ಗೆದ್ದೀತು ಎಂಬ ಎಣಿಕೆ ಸರಿಯೇ? ಬಲ್ಲವರು ತಿಳಿಸಬೇಕೆಂದು ಕೋರುತ್ತೇನೆ.

ಡೆಂಕಣಿಕೋಟೆಯ ಓದುಗ:
ಆ ಎಣಿಕೆಗೆ ಸೋತವರೇ ಹೆಚ್ಚು. ಉದಾಹರಣೆಗೆ, 1200 ಮೀಟರಿನ ಓಟದಲ್ಲಿ ಮುಂದಿರುವ ಕುದುರೆ ಮೊದಲ 800 ಮೀಟರನ್ನು 47.5 ಸೆಕೆಂಡುಗಳಲ್ಲಿ, ಕೊನೆಯ 400 ಮೀಟರನ್ನು 26 ಸೆಕೆಂಡುಗಳಲ್ಲಿ ಓಡಿತೆನ್ನಿ. ನಿಮ್ಮ ಕುದುರೆಯದು ಕ್ರಮವಾಗಿ 48.7 ಮತ್ತು 25.2 ಸೆಕೆಂಡು. ಪರದೆಯ ಮೇಲೆ ಅದು ಹಾರಿ ಬಂದಂತೆ ಕಾಣುತ್ತದೆ. ಲೆಕ್ಕ ನೋಡಿದರೆ ಅದರ ಮೊದಲ ಎರಡು 400 ಮೀಟರುಗಳ ಸರಾಸರಿ 24.35 ಸೆಕೆಂಡು, ಕೊನೆಯದು 25.2, ಅಂದರೆ ಅದೂ ಸುಸ್ತಾಗಿದೆ, ಮುಂದಿದ್ದದ್ದು ಅದಕ್ಕಿಂತ ಹೆಚ್ಚು ಸುಸ್ತಾಗಿದೆ, ಅಷ್ಟೇ. ಆದ್ದರಿಂದ ಎಷ್ಟು ಕುದುರೆಗಳನ್ನು ದಾಟಿತು ಎಂಬುದನ್ನು ಬಿಟ್ಟು, ಮುಂದಿದ್ದವು ವೇಗ ಕಳೆದುಕೊಳ್ಳದ ಓಟದಲ್ಲೂ ಅದು ಹತ್ತಿರ ಬಂದಿದೆಯೇ ಎಂದು ನೋಡಿ.

ಇನ್ನೊಂದು ಮಾತು. ಹುಲ್ಲಿನ ಅಂಕಣದಲ್ಲಿ 1600 ಮೀಟರಿನ ಓಟಗಳು ಸಾಮಾನ್ಯವಾಗಿ ನಿಧಾನವಾಗಿ ಶುರುವಾಗಿ, ಕೊನೆಯ 600 ಮೀಟರಿನಲ್ಲಿ ಬಿರುಸಾಗುತ್ತವೆ. ಮುನ್ನುಗ್ಗುವ ಕುದುರೆ ಅಲ್ಲಿ ಒಂದೇ ಇದ್ದರೆ, ಸ್ಪ್ರಿಂಟಿನಲ್ಲಿ (1200ರಂಥ ಕಡಿಮೆ ದೂರದ ಓಟದಲ್ಲಿ) ಮುಂದೆ ಓಡಿ ಕೊನೆಗೆ ಸೋಲುತ್ತಿದ್ದ ಅದೇ ಕುದುರೆ ಯಾರ ಕಾಟವೂ ಇಲ್ಲದೆ ಉಸಿರು ಉಳಿಸಿಕೊಂಡು ಗೆದ್ದುಬಿಡುತ್ತದೆ, ಹಿಂದಿನಿಂದ ಬರುವುದಕ್ಕೆ ದಾಟಲು ದಣಿದ ಕುದುರೆಗಳೇ ಸಿಗುವುದಿಲ್ಲ. ಕಾರ್ಡಿನಲ್ಲಿ (ಆ ಓಟದ ಕುದುರೆಗಳ ಪಟ್ಟಿಯಲ್ಲಿ) ಹಾಗೆ ಮುನ್ನುಗ್ಗುವ ಕುದುರೆಗಳು ಎಷ್ಟಿವೆ ಎಂದು ಮೊದಲು ಎಣಿಸಿ.

ತಾಳವಾಡಿ:
ಮೇಲಿನವರ ಮಾತು ಸರಿ, ಆದರೆ ವಂಶವನ್ನು ಮರೆಯಬಾರದು. ಮಯೊಸ್ಟಾಟಿನ್ ಎಂಬ ಜೀನಿನ ಒಂದು ವ್ಯತ್ಯಾಸಕ್ಕೂ ಕುದುರೆಗೆ ಹೊಂದುವ ದೂರಕ್ಕೂ ನಂಟಿದೆಯೆಂದು ಐರ್ಲೆಂಡಿನ ಸಂಶೋಧಕರು 2010ರಲ್ಲಿ ತೋರಿಸಿದರು. ನಮ್ಮ ಕೈಗೆ ಜೀನ್ ಪರೀಕ್ಷೆಯ ಫಲಿತಾಂಶ ಬರುವುದಿಲ್ಲವಾದ್ದರಿಂದ ಸೈರ್ (ತಂದೆ), ಡ್ಯಾಮ್ (ತಾಯಿ) ಮತ್ತು ಅದೇ ಡ್ಯಾಮಿನ ಬೇರೆ ಮರಿಗಳು ಎಷ್ಟು ದೂರದಲ್ಲಿ ಗೆದ್ದಿವೆಯೆಂದು ನೋಡಬೇಕು.

ಸ್ವಭಾವವೂ ಅಷ್ಟೇ ಮುಖ್ಯ. ಬ್ರಿಟನ್ನಿನ ಹೆಸರಾಂತ ರೇಸ್ ಕುದುರೆ ಫ್ರಾಂಕೆಲ್‌ನ ತಂದೆ ಗೆಲಿಲಿಯೊ ಹೆಚ್ಚು ದೂರದ ಓಟವಾದ ಎಪ್ಸಮ್ ಡರ್ಬಿಯನ್ನು 2001ರಲ್ಲಿ ಗೆದ್ದಿತ್ತು, ತಾಯಿ ಕೈಂಡ್ ಸ್ಪ್ರಿಂಟರ್. 2011ರಲ್ಲಿ ರಾಯಲ್ ಆಸ್ಕಾಟಿನ 1600 ಮೀಟರಿನ ಓಟದಲ್ಲಿ ಬಹಳ ಬೇಗ ಮುನ್ನುಗ್ಗಿದ ಫ್ರಾಂಕೆಲ್ ಕೊನೆಗೆ ಮುಕ್ಕಾಲು ಲೆಂಗ್ತಿನಿಂದ (ಒಂದು ಲೆಂಗ್ತ್ ಎಂದರೆ ಒಂದು ಕುದುರೆಯ ಉದ್ದ) ಮಾತ್ರ ಗೆದ್ದಿತು. ಸಮಾಧಾನವಾಗಿ ಓಡುವುದನ್ನು ಕಲಿತ ಮೇಲೆ, 2012ರಲ್ಲಿ ಯಾರ್ಕ್‌ನಲ್ಲಿ 2000 ಮೀಟರಿಗೂ ಹೆಚ್ಚಿನ ದೂರವನ್ನು ಏಳು ಲೆಂಗ್ತಿನಿಂದ ಗೆದ್ದಿತು. ನಿಮ್ಮ ಕುದುರೆ ಮೊದಲ 400 ಮೀಟರಿನಲ್ಲಿ ತಲೆಯೆತ್ತಿ, ಬಾಯಿ ತೆರೆದು ಲಗಾಮು ಜಗ್ಗುತ್ತಿದ್ದರೆ, ವಂಶ ಎಂಥದ್ದೇ ಆದರೂ ನಾನಂತೂ ಕೈಬಿಡುತ್ತೇನೆ.

ಹೊಸೂರು ವಾಸಿ:
ಇಬ್ಬರಿಗೂ ಧನ್ಯವಾದಗಳು. ವಿಡಿಯೊ ಮತ್ತೆ ನೋಡಿದೆ. ತಲೆ ತಗ್ಗಿಸಿಯೇ ಓಡುತ್ತದೆ, ಜಗ್ಗುವುದಿಲ್ಲ. ಆದರೆ ಕಳೆದ ಸಲಕ್ಕಿಂತ ಎರಡು ಕಿಲೋ ಹೆಚ್ಚು ಭಾರ ಹೊರಲಿದೆ. ಇದನ್ನು ಹೇಗೆ ಲೆಕ್ಕ ಹಿಡಿಯಬೇಕು?

ಡೆಂಕಣಿಕೋಟೆಯ ಓದುಗ:
ಬ್ರಿಟನ್ನಿನ ಹ್ಯಾಂಡಿಕ್ಯಾಪರುಗಳ (ಕುದುರೆ ಹೊರಬೇಕಾದ ಭಾರ ಗೊತ್ತುಮಾಡುವವರ) ರೂಢಿಯ ಲೆಕ್ಕದಲ್ಲಿ 1000 ಮೀಟರಿಗೆ ಒಂದು ಲೆಂಗ್ತ್ ಸುಮಾರು 1.4 ಕಿಲೋಗೆ ಸಮ, 1600ಕ್ಕೆ ಸುಮಾರು 0.9 ಕಿಲೋಗೆ. ಹಾಗಾಗಿ ಅದೇ ಎರಡು ಕಿಲೋ 1000 ಮೀಟರಿನಲ್ಲಿ ಒಂದೂವರೆ ಲೆಂಗ್ತಿಗಿಂತ ಕಡಿಮೆ, 1600ರಲ್ಲಿ ಎರಡನ್ನೂ ದಾಟುತ್ತದೆ. ಮಳೆ ಬಂದರೆ ನೆಲದ ಮೆದುತನ ಅಳೆಯುವ ಪೆನೆಟ್ರೋಮೀಟರ್ ಅಂಕಿಯನ್ನೂ ನೋಡಿ. ಅದು ಏರಿದಷ್ಟೂ ನೆಲ ಮೆತ್ತಗಾಗಿ, ಓಟ ಇನ್ನಷ್ಟು ಕಸುವು ಬೇಡುತ್ತದೆ. ನೆಲ ಗಟ್ಟಿಯಿದ್ದು, ಕಾರ್ಡಿನಲ್ಲಿ ಮುಂದೋಡುವ ಕುದುರೆಗಳು ಎರಡು ಮೂರಿದ್ದು, ಬೆಲೆಯೂ (ಕಟ್ಟಿದ ಹಣಕ್ಕೆ ಸಿಗುವ ಪ್ರತಿಫಲ) ಚೆನ್ನಾಗಿದ್ದರೆ ಪ್ಲೇಸಿಗೆ (ಮೊದಲ ಕೆಲವು ಸ್ಥಾನಗಳಲ್ಲಿ ಒಂದಕ್ಕೆ ಬರುತ್ತದೆಂದು) ಸಣ್ಣ ಮೊತ್ತ ಕಟ್ಟಬಹುದು. ಫೇವರಿಟ್ (ಹೆಚ್ಚು ಹಣ ಬಿದ್ದು ಬೆಲೆ ಇಳಿದ ಕುದುರೆ) ಆಗಿಬಿಟ್ಟರೆ ಈ ಸಲ ಸುಮ್ಮನೆ ನೋಡುವುದು ಲೇಸು.